ಮಳೆಗಾಲದ ಹಜಾರದಲ್ಲಿ ಬಾಸ್ಕೆಟ್‌ಬಾಲ್: ಈ ಆಟವೂ ಅಟ್ಟ ಸೇರುತ್ತದಾ?

ಪ್ರಶ್ನೆ: ಸರ್, ನಾವು ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆಯಲ್ಲಿ ಇರುವವರು. ಬೆಂಗಳೂರಿನ ಮಾಲ್ ಒಂದರಲ್ಲಿ ಬಾಸ್ಕೆಟ್‌ಬಾಲ್ ಆರ್ಕೇಡ್ (ರಿಂಗ್‌ಗೆ ಚೆಂಡು ಎಸೆದು ಅಂಕ ಗಳಿಸುವ ಯಂತ್ರದ ಆಟ) ಆಡಿ ಬಂದ ದಿನದಿಂದ ಮಕ್ಕಳಿಬ್ಬರೂ ಮನೆಗೆ ಅದೇ ಬೇಕು ಅಂತ ಹಠ ಹಿಡಿದಿದ್ದಾರೆ. ಮಗನಿಗೆ 13 ವರ್ಷ, ಮಗಳಿಗೆ 8. ಈ ಹಿಂದೆ ತಂದ ವಿಡಿಯೋ ಗೇಮ್, ಟೇಬಲ್ ಫುಟ್‌ಬಾಲ್ ಎರಡೂ ಅಟ್ಟ ಸೇರಿವೆ. ಇದೂ ಹಾಗೇ ಆಗುತ್ತದಾ? ಇಷ್ಟು ಸರಳವಾದ ಆಟಕ್ಕೆ ಜನ ಯಾಕೆ ಇಷ್ಟೊಂದು ಅಂಟಿಕೊಳ್ಳುತ್ತಾರೆ? ನಮ್ಮ ಮಳೆಗೆ ಆ ಯಂತ್ರ ಬಾಳಿಕೆ ಬರುತ್ತದಾ? ಇದರಿಂದ ನಿಜವಾದ ಬಾಸ್ಕೆಟ್‌ಬಾಲ್ ಕಲಿಯಬಹುದಾ? ನಮ್ಮ ಅತ್ತೆಯವರಂತೂ ದುಡ್ಡು ದಂಡ ಅನ್ನುತ್ತಿದ್ದಾರೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನೋಡಿ ಆರಿಸಿದರೆ ಇದು ಅಟ್ಟ ಸೇರುವುದಿಲ್ಲ. ಆದರೆ ಅಂಗಡಿಯಲ್ಲಿ ಕಣ್ಣು ಸೆಳೆಯುವುದೇ ಬೇರೆ, ಮನೆಯಲ್ಲಿ ವರ್ಷಗಟ್ಟಲೆ ಆಡಿಸುವುದೇ ಬೇರೆ. ಮಿನುಗುವ ದೀಪ, ಚಪ್ಪಾಳೆಯ ಸದ್ದು, ಒಂದೇ ಯಂತ್ರದಲ್ಲಿ ಹತ್ತಾರು ಬಗೆಯ ಗೇಮ್ ಅಂತೆಲ್ಲ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದ್ಯಾವುದರಿಂದಲೂ ಈ ಆಟ ಉಳಿಯುವುದಿಲ್ಲ. ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವನಾಗಿ ನಾನು ನೋಡಿರುವ ಮಟ್ಟಿಗೆ, ಈ ಆಟದ ಜೀವ ಇರುವುದು ತಪ್ಪಿದ ಚೆಂಡಿನಲ್ಲಿ.

ಒಂದು ಸಲ ಸುಮ್ನೆ ನಿಂತು ಗಮನಿಸಿ. ಚೆಂಡು ರಿಂಗ್‌ನ ಮುಂದಿನ ಅಂಚಿಗೆ ಬಡಿದು ನಿಮ್ಮ ಕಡೆಗೇ ಬಂತು ಅಂದರೆ ಬಲ ಸಾಲಲಿಲ್ಲ. ಹಿಂದಿನ ಅಂಚಿಗೆ ಬಡಿದು ಮೇಲಕ್ಕೆ ಎಗರಿತು ಅಂದರೆ ಬಲ ಜಾಸ್ತಿ ಆಯಿತು. ಎಡಕ್ಕೋ ಬಲಕ್ಕೋ ಜಾರಿತು ಅಂದರೆ ಕೈ ಬಿಡುವಾಗ ಮಣಿಕಟ್ಟು ತಿರುಗಿದೆ. ಅಂಚಿನ ಮೇಲೆ ಒಂದು ಸುತ್ತು ಹಾಕಿ ಆಚೆ ಬಿತ್ತು ಅಂದರೆ ಗುರಿ ಸರಿ ಇತ್ತು, ಚೆಂಡು ಚಪ್ಪಟೆಯಾಗಿ ಹೋಯಿತು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. 8 ವರ್ಷದ ಮಗುವಿಗೂ ಕಣ್ಣಿಗೆ ಕಾಣುತ್ತದೆ. ಅದೂ ಎಷ್ಟು ಬೇಗ ಗೊತ್ತಾ? ಮನೆಯ ಯಂತ್ರದಲ್ಲಿ ನೀವು ನಿಲ್ಲುವ ಜಾಗಕ್ಕೂ ರಿಂಗ್‌ಗೂ ಹೆಚ್ಚೆಂದರೆ ಎರಡು ಮೀಟರ್. ಅಷ್ಟು ದೂರಕ್ಕೆ ಎಸೆದ ಚೆಂಡು ಗಾಳಿಯಲ್ಲಿ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ಎಸೆದಾಗ ತೋಳಿಗೆ ಆದ ಅನುಭವ ಮರೆಯುವುದರೊಳಗೆ ಫಲಿತಾಂಶ ಬಂದಿರುತ್ತದೆ. ಫಲಿತಾಂಶ ನೋಡುವಷ್ಟರಲ್ಲಿ ಇನ್ನೊಂದು ಚೆಂಡು ಉರುಳಿ ಕೈಗೆ ಬಂದಿರುತ್ತದೆ.

ವಿಡಿಯೋ ಗೇಮ್‌ನಲ್ಲಿ ಸೋತಾಗ ಎಷ್ಟೋ ಸಲ ಯಾಕೆ ಸೋತೆ ಅಂತ ತಿಳಿಯುವುದಿಲ್ಲ. ಟೇಬಲ್ ಫುಟ್‌ಬಾಲ್ ಆಡಬೇಕಾದರೆ ಎದುರಿಗೆ ಇನ್ನೊಬ್ಬರು ಬೇಕೇ ಬೇಕು. ಅಣ್ಣ ಶಾಲೆಯಲ್ಲಿದ್ದರೆ ತಂಗಿ ಒಬ್ಬಳೇ ಏನು ಮಾಡುತ್ತಾಳೆ? ಇಲ್ಲಿ ಒಬ್ಬರೇ ಇದ್ದರೂ ನಿನ್ನೆಯ ತನ್ನ ಅಂಕದ ಜೊತೆ ಪೈಪೋಟಿ ನಡೆಯುತ್ತದೆ. ನಿಮ್ಮ ಮನೆಯ ಆ ಎರಡು ಆಟ ಅಟ್ಟಕ್ಕೆ ಹೋಗಿದ್ದಕ್ಕೆ ಮಕ್ಕಳ ಚಂಚಲತೆಯನ್ನು ಮಾತ್ರ ದೂರಬೇಡಿ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು ಹೇಗೆ ಅಂತ ನೆನಪಿಸಿಕೊಂಡರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿ, ಆಡಲು ಆಗುವುದಿಲ್ಲ. ಒಳಗೆ ಹುಡುಗರಿಗೆ ಕಸರತ್ತು ಮಾಡಿ ಮಾಡಿ ಬೇಸರ. ಅವರನ್ನು ಸುಧಾರಿಸಲು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹೊಸ ಆಟ ಕಟ್ಟಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಯ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿದರು. ಆ ಕಟಕಟೆ 10 ಅಡಿ ಎತ್ತರದಲ್ಲಿತ್ತು. ಇವತ್ತಿಗೂ ರಿಂಗ್ ಇರುವುದು ಅದೇ 10 ಅಡಿಯಲ್ಲಿ. ಹೊರಗೆ ಹೋಗಲಾಗದ ಕಾಲಕ್ಕೆಂದೇ ಹುಟ್ಟಿದ ಆಟ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಕೂರುವ ಕೊಡಗಿಗೆ ಇದು ದೂರದ ಮಾತೇನಲ್ಲ, ಅಲ್ವಾ?

ಆ ಮೊದಲ ಆಟದಲ್ಲಿ ಒಂದು ತೊಂದರೆ ಇತ್ತು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದರೆ ಯಾರಾದರೂ ಏಣಿ ಹತ್ತಿ ತೆಗೆಯಬೇಕು. 9 ಜನರ ಎರಡು ತಂಡ ಆಡಿದ ಆ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ಬುಟ್ಟಿ. ಮುಂದೆ ತಳ ತೆಗೆದು ತೂತಿನ ಬಲೆ ಕಟ್ಟಿದರು, ಆಟಕ್ಕೆ ಓಟ ಬಂತು. ಆರ್ಕೇಡ್ ಯಂತ್ರ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಅಮೆರಿಕದ ಕಾನ್ಸಾಸ್ ರಾಜ್ಯದ ಸಲೈನಾದಲ್ಲಿ ಕೆನ್ ಕೋಕ್ರನ್ ಎಂಬ ಮಾಜಿ ಕಾಲೇಜು ಕೋಚ್ 1981ರಲ್ಲಿ 'ಪಾಪ್-ಎ-ಶಾಟ್' ಎಂಬ ಯಂತ್ರ ತಂದರು. ಚಿಕ್ಕ ಚೆಂಡು, ಹತ್ತಿರದ ರಿಂಗ್, ಓಡುವ ಗಡಿಯಾರ, ಬಿದ್ದ ಚೆಂಡು ತಾನಾಗಿ ಉರುಳಿ ಬರುವ ಇಳಿಜಾರು. ಈ ಇಳಿಜಾರೇ ದೊಡ್ಡ ಉಪಾಯ ಅಂತ ನನ್ನ ಅಭಿಪ್ರಾಯ. ಶಾಲೆಯ ಮೈದಾನದಲ್ಲಿ ಒಂದು ಚೆಂಡಿಗೆ ಹತ್ತು ಮಕ್ಕಳು. ಒಬ್ಬೊಬ್ಬರಿಗೆ ಒಂದು ಪೀರಿಯಡ್‌ನಲ್ಲಿ ನಾಲ್ಕೈದು ಸಲ ಎಸೆಯಲು ಸಿಕ್ಕರೆ ಪುಣ್ಯ. ಯಂತ್ರದ ಮುಂದೆ 40 ಸೆಕೆಂಡಿನಲ್ಲಿ 25-30 ಸಲ ಎಸೆಯಬಹುದು. ಅಷ್ಟು ಸಲ ತಪ್ಪಿ, ಅಷ್ಟು ಸಲ ತಿದ್ದಿಕೊಳ್ಳಬಹುದು.

ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ನೋಡಬೇಕಾದ್ದು ಆ ಇಳಿಜಾರನ್ನು. ಮಾರುವವರು ಸ್ಕೋರ್ ಬೋರ್ಡ್ ತೋರಿಸುತ್ತಾರೆ. ನೀವು ಒಂದು ಚೆಂಡು ತೆಗೆದುಕೊಂಡು ರಿಂಗ್‌ನ ಕೆಳಗೆ ಹಿಂದಿನ ಮೂಲೆಯಲ್ಲಿ ಬಿಡಿ. ಅದು ತಾನಾಗಿ ಉರುಳಿ ಮುಂದಕ್ಕೆ ಬರಬೇಕು. ಇಳಿಜಾರಿನ ಬಟ್ಟೆ ಜೋತು ಬಿದ್ದು ಮಧ್ಯದಲ್ಲಿ ಚೆಂಡು ನಿಂತರೆ ಆ ಯಂತ್ರ ಬೇಡ. ಮನೆಯಲ್ಲಿ ಪ್ರತಿ ಸಲ ಬಗ್ಗಿ ಕೈ ಚಾಚಿ ಚೆಂಡು ಎಳೆಯಬೇಕಾಗುತ್ತದೆ, ಲಯ ಮುರಿಯುತ್ತದೆ, ತಿಂಗಳೊಳಗೆ ಆಟವೂ ನಿಲ್ಲುತ್ತದೆ. ಚೆಂಡುಗಳು ಕಡಿಮೆ ಅಂದರೆ ನಾಲ್ಕು ಇರಲಿ.

ಎರಡನೆಯದು ರಿಂಗ್‌ನ ಅಳತೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಆದರೆ ಕಷ್ಟದ್ದಲ್ಲ. ದೊಡ್ಡವರ ಬಾಸ್ಕೆಟ್‌ಬಾಲ್ ಸುಮಾರು 24 ಸೆಂಟಿಮೀಟರ್ ಅಗಲ, ರಿಂಗ್ ಸುಮಾರು 45 ಸೆಂಟಿಮೀಟರ್. ಅಂದರೆ ರಿಂಗ್ ಹೆಚ್ಚುಕಡಿಮೆ ಎರಡು ಚೆಂಡಿನಷ್ಟು ಅಗಲ. ಮೇಲಿನಿಂದ ನೇರವಾಗಿ ಬೀಳುವ ಚೆಂಡಿಗೆ ಇಡೀ ರಿಂಗ್ ತೆರೆದಿರುತ್ತದೆ. ಓರೆಯಾಗಿ ಬರುವ ಚೆಂಡಿಗೆ ಅದೇ ರಿಂಗ್ ಕಿರಿದಾಗಿ ಕಾಣುತ್ತದೆ. ಈ ಅಳತೆಯಲ್ಲಿ ಚೆಂಡು ಕನಿಷ್ಠ 32 ಡಿಗ್ರಿ ಕೋನದಲ್ಲಿ ಇಳಿದು ಬಂದರೆ ಮಾತ್ರ ಅಂಚಿಗೆ ತಾಗದೆ ಒಳಗೆ ಹೋಗಬಲ್ಲದು. ಮನೆಯ ಯಂತ್ರಗಳಿಗೆ ಸಾಮಾನ್ಯವಾಗಿ ಕೊಡುವುದು 7 ಇಂಚಿನ ಚೆಂಡು, ಅಂದರೆ ಸುಮಾರು 18 ಸೆಂಟಿಮೀಟರ್. ಅದಕ್ಕೆ 27 ಸೆಂಟಿಮೀಟರಿನ ರಿಂಗ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಆಗ 32 ಸಾಲದು, ಸುಮಾರು 42 ಡಿಗ್ರಿ ಬೇಕು. ರಿಂಗ್ ಇನ್ನೂ ಚಿಕ್ಕದಾದರೆ ಚೆಂಡನ್ನು ಇನ್ನೂ ಮೇಲಕ್ಕೆ ಎತ್ತಿ ಹಾಕಬೇಕು. ಚೆಂಡಿನ ಒಂದೂವರೆ ಪಟ್ಟಿಗಿಂತ ಕಡಿಮೆ ಅಗಲದ ರಿಂಗ್ ಇದ್ದರೆ 8 ವರ್ಷದ ಮಗುವಿಗೆ ಅದು ಕಿರಿಕಿರಿ. ಟೇಪ್ ಒಯ್ದು ಅಲ್ಲೇ ಅಳೆಯಿರಿ, ನಾಚಿಕೆ ಬೇಡ. ಜಾತ್ರೆ, ಎಕ್ಸಿಬಿಷನ್‌ಗಳ ಬಾಸ್ಕೆಟ್‌ಬಾಲ್ ಸ್ಟಾಲ್‌ಗಳಲ್ಲಿ ಎಷ್ಟೋ ಕಡೆ ರಿಂಗ್ ಚಿಕ್ಕದಿರುತ್ತದೆ, ಕೆಲವು ಕಡೆ ಗುಂಡಗೂ ಇರುವುದಿಲ್ಲ, ಮೊಟ್ಟೆಯಾಕಾರ ಇರುತ್ತದೆ. ಎದುರಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಲ್ಲಿ ತಪ್ಪಿದ ಚೆಂಡು ನಿಮಗೆ ನಿಜ ಹೇಳುವುದಿಲ್ಲ. ಮನೆಯ ಆಟ ಹಾಗಿರಬಾರದು.

ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ಪಾಠವೂ ಈ ಕೋನದಲ್ಲೇ ಇದೆ. ಎಲ್ಲರೂ ಶುರುವಿನಲ್ಲಿ ರಿಂಗ್‌ಗೇ ಗುರಿ ಇಟ್ಟು ನೇರವಾಗಿ ಬೀಸುತ್ತಾರೆ. ನೈಸ್ಮಿತ್ ಕೆನಡಾದಲ್ಲಿ ಹುಡುಗನಾಗಿದ್ದಾಗ, ಬಂಡೆಯ ಮೇಲೆ ಇಟ್ಟ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಬೀಳಿಸುವ ಆಟ ಆಡುತ್ತಿದ್ದರು. ರಭಸದಿಂದ ಬೀಸುವುದಕ್ಕಿಂತ ಮೆಲ್ಲಗೆ ಎತ್ತಿ ಹಾಕಿದ ಕಲ್ಲೇ ಕೆಲಸ ಮಾಡುತ್ತದೆ ಅಂತ ಆ ಆಟದಿಂದ ಅವರಿಗೆ ಗೊತ್ತಿತ್ತು. ಅದನ್ನು ನೆನೆದೇ ಬುಟ್ಟಿಯನ್ನು ಎತ್ತರದಲ್ಲಿ, ಬಾಯಿ ಮೇಲೆ ಮಾಡಿ ಇಟ್ಟರು. ಬರೀ ತೋಳಿನ ಬಲ ಇರುವವನು ಇಲ್ಲಿ ಗೆಲ್ಲಬಾರದು ಅನ್ನುವುದು ಅವರ ಆಸೆಯಾಗಿತ್ತು. ನಿಮ್ಮ ಮಗಳು ಅಣ್ಣನನ್ನು ಸೋಲಿಸಲು ಇಲ್ಲಿ ದಾರಿ ಇರುವುದೂ ಅದಕ್ಕೇ. ಮನೆಯ ಯಂತ್ರದ ದೂರಕ್ಕೆ ಚೆಂಡಿಗೆ ಬೇಕಾದ ವೇಗ ಸೆಕೆಂಡಿಗೆ ನಾಲ್ಕೂವರೆ ಮೀಟರಿನ ಆಸುಪಾಸು. ದೊಡ್ಡ ಅಂಕಣದಲ್ಲಿ ಫ್ರೀ ಥ್ರೋ (ಎದುರಾಳಿ ಅಡ್ಡ ಬರದೆ ಗೆರೆಯಲ್ಲಿ ನಿಂತು ಹಾಕುವ ಎಸೆತ) ಹಾಕಲು ಸುಮಾರು 7 ಮೀಟರ್ ಬೇಕು. ಅಷ್ಟು ಕಡಿಮೆ ಬಲ ಎಂಟು ವರ್ಷದವಳಲ್ಲೂ ಇದೆ, ಎಪ್ಪತ್ತು ವರ್ಷದವರಲ್ಲೂ ಇದೆ.

ಇಲ್ಲಿ ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ದುಡ್ಡು ದಂಡ ಅನ್ನುತ್ತಿದ್ದಾರೆ ಅಂದಿರಿ. ಅವರ ಕೈಗೇ ಮೊದಲ ಚೆಂಡು ಕೊಡಿ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮನೆಯಲ್ಲಿ ಈ ಆಟ ಉಳಿಯುವುದು ಮೂರು ತಲೆಮಾರೂ ಅದರ ಮುಂದೆ ನಿಂತಾಗ. ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರಲ್ಲ, ಅಲ್ಲಿ ಏನು ನಡೆಯುತ್ತದೆ? ಎಲ್ಲರಿಗೂ ಕಾಣುವ ಒಂದೇ ಗುರಿ. ಕೈಗೆ ಸಿಗುವ ಅವಕಾಶ ಕಡಿಮೆ. ಸುತ್ತ ನಿಂತವರೆಲ್ಲ ಸಲಹೆ ಕೊಡುವವರೇ. ಹೆಂಗಸರು, ಹಿರಿಯರು, ಕಾಲೇಜು ಹುಡುಗರು ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ಕಾಯಿ ಒಡೆದವರ ಹೆಸರು ಮುಂದಿನ ವರ್ಷದವರೆಗೂ ಬಾಯಲ್ಲಿ ಇರುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲೂ ಇದೇ ಜೀವ ಇದೆ. ಅಲ್ಲಿ ತಂಡ ಅಂದರೆ ಮನೆತನ. ಹಾಕಿ ಸ್ಟಿಕ್ ಬಿಟ್ಟು ವರ್ಷಗಳಾದ ಮಾವಂದಿರೂ ಅಂಗಿ ತೊಟ್ಟು ಇಳಿಯುತ್ತಾರೆ. ಯಾಕೆಂದರೆ ಆಡುವುದು ಸ್ವಂತ ಮನೆಯ ಹೆಸರಿಗೆ. ಈ ನೆಲದಲ್ಲಿ ಆಟ ಅಂದರೆ ಮನೆಯವರೆಲ್ಲ ಸೇರುವ ಕೆಲಸ. ಹಜಾರದ ಬಾಸ್ಕೆಟ್‌ಬಾಲ್ ಅದಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಒಂದೇ ಒಂದು ಏರ್ಪಾಟು ಬೇಕು. ನೆಲದ ಮೇಲೆ ಬಣ್ಣದ ಟೇಪ್‌ನಿಂದ ಮೂರು ಗೆರೆ ಹಾಕಿ. ಮಗಳಿಗೆ ಹತ್ತಿರದ್ದು, ಅಜ್ಜಿಗೆ ಮತ್ತು ನಿಮಗೆ ಮಧ್ಯದ್ದು, ಮಗನಿಗೆ ಹಿಂದಿನದು. ಯಾರಾದರೂ ಮೂರು ದಿನ ಸತತ ಗೆದ್ದರೆ ಅವರ ಗೆರೆ ಒಂದು ಗೇಣು ಹಿಂದಕ್ಕೆ. ಗೋಡೆಯ ಮೇಲೆ ಒಂದು ಸ್ಲೇಟು ತೂಗುಹಾಕಿ, ಅವತ್ತಿನ ಅಂಕ ಬರೆಯಿರಿ. ನೆಂಟರು ಬಂದರೆ ಅವರದ್ದೂ ಬರೆಯಿರಿ. ಯಾವಾಗಲೂ ಒಬ್ಬನೇ ಗೆಲ್ಲುವ ಆಟ ಬೇಗ ಸಾಯುತ್ತದೆ. ಸೋತವನು ಬರೀ ಎರಡೇ ಬುಟ್ಟಿಯಿಂದ ಸೋತಿದ್ದರೆ ಮಾತ್ರ "ಇನ್ನೊಂದೇ ಒಂದು ಸಲ" ಅನ್ನುತ್ತಾನೆ. ಅದನ್ನು ಕಾಯುವುದು ದೊಡ್ಡವರ ಕೆಲಸ.

ಮಾಲ್‌ನ ಯಂತ್ರಕ್ಕೂ ಮನೆಯ ಯಂತ್ರಕ್ಕೂ ಇರುವ ಒಂದು ವ್ಯತ್ಯಾಸ ಪೋಷಕರು ತಿಳಿದಿರಬೇಕು. ಮಾಲ್‌ನಲ್ಲಿ ಚೆಂಡಿನ ಜೊತೆಗೆ ಟಿಕೆಟ್ ಇದೆ, ಬಹುಮಾನ ಇದೆ. ಯಾವಾಗ ಎಷ್ಟು ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಪ್ರಾಣಿಗಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದರು. ಜೂಜಿನ ಯಂತ್ರಗಳು ನಡೆಯುವುದು ಆ ಬಲದಿಂದಲೇ. ಮಾಲ್‌ನಲ್ಲಿ ಆಟದ ಸಮಯ, ಗೆಲ್ಲಬೇಕಾದ ಅಂಕ ಇವನ್ನೆಲ್ಲ ನಡೆಸುವವರೇ ಹೊಂದಿಸಿರುತ್ತಾರೆ. ಮನೆಯಲ್ಲಿ ಟಿಕೆಟ್ ಇಲ್ಲ, ನಾಣ್ಯ ಇಲ್ಲ. ಉಳಿಯುವುದು ಚೆಂಡು, ರಿಂಗ್ ಮತ್ತು ತೋಳು. ಟಿಕೆಟ್ಟಿಗಾಗಿ ಆಡುತ್ತಿದ್ದ ಮಗು ಮನೆಗೆ ಬಂದ ಮೇಲೆ ಎರಡೇ ವಾರಕ್ಕೆ ಬಿಡುತ್ತದೆ. ಚೆಂಡಿಗಾಗಿ ಆಡುತ್ತಿದ್ದ ಮಗು ಬಿಡುವುದಿಲ್ಲ. ನಿಮ್ಮ ಮಕ್ಕಳು ಇವರಲ್ಲಿ ಯಾವ ಬಗೆಯವರು ಅಂತ ಪರೀಕ್ಷಿಸಲು ಸುಲಭ ದಾರಿ ಇದೆ. ಬಾಗಿಲಿಗೆ ಸಿಕ್ಕಿಸುವ ಚಿಕ್ಕ ರಿಂಗ್ ಸಿಗುತ್ತದೆ, ಬೆಲೆಯೂ ಕಡಿಮೆ. ಅದನ್ನು ತಂದು ಒಂದು ತಿಂಗಳು ನೋಡಿ. ಅದರ ಮುಂದೆ ದಿನಾ ಹತ್ತು ನಿಮಿಷ ನಿಂತರೆ ದೊಡ್ಡದಕ್ಕೆ ಕೈ ಹಾಕಿ.

ದೊಡ್ಡ ಮಗ ಒಂದು ವಿಷಯ ಕೇಳಿಯೇ ಕೇಳುತ್ತಾನೆ. ಸತತ ನಾಲ್ಕೈದು ಬಿದ್ದಾಗ "ಕೈ ಕುದುರಿದೆ" ಅನ್ನಿಸುತ್ತದಲ್ಲ, ಅದು ನಿಜವಾ? ಇದರ ಬಗ್ಗೆ ವಿದ್ವಾಂಸರೇ ದಶಕಗಟ್ಟಲೆ ಜಗಳ ಆಡಿದ್ದಾರೆ. 1985ರಲ್ಲಿ ಗಿಲೊವಿಚ್, ವ್ಯಾಲೋನ್, ಟ್ವರ್ಸ್ಕಿ ಎಂಬ ಮೂವರು ಆಟಗಾರರ ಎಸೆತಗಳ ಲೆಕ್ಕ ತೆಗೆದು, ಕೈ ಕುದುರುವುದು ಬರೀ ಭ್ರಮೆ ಅಂದರು. ಬಹಳ ವರ್ಷ ಹೆಚ್ಚಿನವರು ಅದನ್ನೇ ಒಪ್ಪಿದ್ದರು. ಆಮೇಲೆ ಮಿಲ್ಲರ್ ಮತ್ತು ಸಂಹುರ್ಹೊ ಎಂಬ ಇಬ್ಬರು ಆ ಲೆಕ್ಕದ ರೀತಿಯಲ್ಲೇ ಒಂದು ಓರೆ ಇದೆ ಅಂತ ತೋರಿಸಿದರು. 2018ರಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ ಅದನ್ನು ಸರಿಪಡಿಸಿದರೆ ಹಳೆಯ ಅಂಕಿಗಳಲ್ಲೇ ಕೈ ಕುದುರುವ ಲಕ್ಷಣ ಕಾಣುತ್ತದೆ. ಅಂಗಳದ ಅನುಭವ ಇರುವವರಿಗೆ ಇದರಿಂದ ಸಮಾಧಾನವೇ ಆಯಿತು. ಮನೆಯ ಯಂತ್ರದಲ್ಲಂತೂ ದೂರ ಅದೇ, ಎತ್ತರ ಅದೇ, ಎದುರಾಳಿಯ ಕೈ ಅಡ್ಡ ಬರುವುದಿಲ್ಲ. ಒಂದು ಲಯ ಸಿಕ್ಕರೆ ಅದರಲ್ಲೇ ಉಳಿಯುವುದು ಸುಲಭ. ಮಗನಿಗೆ ಹೇಳಿ, ಲಯ ಸಿಕ್ಕಾಗ ವೇಗ ಜಾಸ್ತಿ ಮಾಡಬೇಡ ಅಂತ. ಗಡಿಯಾರ ನೋಡಿ ಅವಸರ ಮಾಡುವವರ ಕೈ ಕೊನೆಯ 10 ಸೆಕೆಂಡಿನಲ್ಲೇ ಕೆಡುತ್ತದೆ. ಕಣ್ಣು ಗಡಿಯಾರಕ್ಕೆ ಹೋಗಬಾರದು, ರಿಂಗ್ ಮೇಲೆ ನಿಲ್ಲಬೇಕು. ಫ್ರೀ ಥ್ರೋ ಚೆನ್ನಾಗಿ ಹಾಕುವವರು ಎಸೆಯುವ ಮುನ್ನ ರಿಂಗ್ ಮೇಲೆ ದೃಷ್ಟಿಯನ್ನು ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ ಅಂತ ಜೋನ್ ವಿಕರ್ಸ್ 1996ರಲ್ಲೇ ತೋರಿಸಿದ್ದಾರೆ.

ಇನ್ನು ಮಳೆ. ನೀವು ಕೇಳಿದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದೇ, ಮಾರುವವರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ನಾಪೋಕ್ಲು, ಭಾಗಮಂಡಲದ ಕಡೆ ಗೋಡೆಯೇ ಬೆವರುತ್ತದೆ. ಕುಶಾಲನಗರದ ಕಡೆಯವರಿಗೆ ಈ ಚಿಂತೆ ಅಷ್ಟಿಲ್ಲ. ಈ ಯಂತ್ರಗಳಲ್ಲಿ ರಿಂಗ್ ಹಿಂದಿನ ಹಲಗೆಯನ್ನು ಹೆಚ್ಚಾಗಿ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್‌ನಿಂದ ಮಾಡಿರುತ್ತಾರೆ. ಅಂದರೆ ಮರದ ಪುಡಿಯನ್ನು ಗೋಂದಿನಲ್ಲಿ ಒತ್ತಿದ ಹಲಗೆ. ಮೇಲೆ ಹೊಳೆಯುವ ಹಾಳೆ ಅಂಟಿಸಿರುತ್ತಾರೆ, ಆದರೆ ಸ್ಕ್ರೂ ಹಾಕಿದ ತೂತು ಮತ್ತು ಕತ್ತರಿಸಿದ ಅಂಚು ತೆರೆದೇ ಇರುತ್ತವೆ. ತೇವ ನುಗ್ಗುವುದು ಅಲ್ಲಿಂದ. ಜುಲೈ ಹೊತ್ತಿಗೆ ಅಂಚು ಹಪ್ಪಳದ ಹಾಗೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ರಿಂಗ್ ಅಲುಗಾಡುತ್ತದೆ. ರಿಂಗ್ ಅಲುಗಾಡಿದರೆ ಒಂದೇ ರೀತಿ ಎಸೆದ ಎರಡು ಚೆಂಡು ಎರಡು ರೀತಿ ಪುಟಿಯುತ್ತವೆ. ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ. ನಾನು ಮೊದಲು ಹೇಳಿದ ಆಟದ ಜೀವ ಹೋಗುವುದು ಹೀಗೆ.

ಯಂತ್ರ ಜೋಡಿಸುವ ದಿನವೇ ಪ್ರತಿ ತೂತಿಗೂ ಅಂಚಿಗೂ ಮರದ ವಾರ್ನಿಷ್ ಎರಡು ಸಲ ಹಚ್ಚಿ, ಚೆನ್ನಾಗಿ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ. ಸ್ಕ್ರೂಗೆ ಸ್ವಲ್ಪ ಗ್ರೀಸ್ ಮುಟ್ಟಿಸಿ. ಕಬ್ಬಿಣದ ಪೈಪ್ ತುಕ್ಕು ಹಿಡಿಯುವುದು ಬೆಸುಗೆಯ ಜಾಗದಲ್ಲಿ ಮತ್ತು ನೆಲ ಮುಟ್ಟುವ ಕಾಲಿನಲ್ಲಿ. ಕಾಲಿಗೆ ರಬ್ಬರ್ ಬುಷ್ ಹಾಕಿ. ಜಗಲಿಯಲ್ಲಿ ಇಡಲೇಬೇಡಿ, ಎಷ್ಟೇ ಅಗಲದ ಜಗಲಿಯಾದರೂ ಎರಚಲು ಬಂದೇ ಬರುತ್ತದೆ. ಒಳಗಿನ ಹಜಾರದಲ್ಲಿ, ಹೊರಗೋಡೆಯಿಂದ ಒಂದು ಅಡಿ ಬಿಟ್ಟು ನಿಲ್ಲಿಸಿ. ಮಳೆಗಾಲದಲ್ಲಿ ಮಡಚಿ ಪ್ಲಾಸ್ಟಿಕ್ ಹೊದಿಸಿ ಇಡುವುದು ಒಳ್ಳೆಯದು ಅಂತ ಕೆಲವರು ತಿಳಿದಿದ್ದಾರೆ. ಒಳಗೆ ತೇವ ಕೂತು ಬೂಸ್ಟು ಬರುತ್ತದೆ. ಬಿಚ್ಚಿಟ್ಟು ದಿನಾ ಆಡುವುದೇ ಮೇಲು.

ಅಂಕ ಎಣಿಸುವ ಭಾಗದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ರಿಂಗ್ ಕೆಳಗೆ ಒಂದು ಪಟ್ಟಿ ಇರುತ್ತದೆ, ಚೆಂಡು ಬಿದ್ದಾಗ ಅದನ್ನು ತಳ್ಳುತ್ತದೆ, ಸ್ವಿಚ್ ಒತ್ತುತ್ತದೆ. ಇನ್ನೊಂದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಇರುತ್ತದೆ, ಚೆಂಡು ಅದನ್ನು ಅಡ್ಡಗಟ್ಟಿದಾಗ ಅಂಕ ಏರುತ್ತದೆ. ಕಿರಣದ್ದು ಬೇಗ ಬೇಗ ಬೀಳುವ ಚೆಂಡುಗಳನ್ನು ಚೆನ್ನಾಗಿ ಎಣಿಸುತ್ತದೆ, ಆದರೆ ಬಿಸಿಲು ನೇರ ಬಿದ್ದರೆ, ಧೂಳು ಕೂತರೆ, ಜೇಡ ಬಲೆ ಕಟ್ಟಿದರೆ ಎಡವುತ್ತದೆ. ತೋಟದ ಮನೆಯಲ್ಲಿ ಜೇಡಕ್ಕೆ ಬರವೇ? ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಟ್ಟಿಯದ್ದು ಸರಳ, ನಮ್ಮ ಊರಿನ ಎಲೆಕ್ಟ್ರಿಷಿಯನ್ನೇ ರಿಪೇರಿ ಮಾಡಬಲ್ಲ. ತೋಟದ ಮನೆಗೆ ನಾನು ಪಟ್ಟಿಯದ್ದನ್ನೇ ಹೇಳುತ್ತೇನೆ. ಅಡಾಪ್ಟರ್ ಜೊತೆಗೆ ಸೆಲ್‌ನಲ್ಲೂ ನಡೆಯುವಂಥದ್ದು ಇರಲಿ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ನಿಮಗೇ ಗೊತ್ತು, ಮಕ್ಕಳಿಗೆ ಆಟ ಜಾಸ್ತಿ ಬೇಕಾಗುವುದೂ ಆ ದಿನಗಳಲ್ಲೇ. ಆಡದ ದಿನಗಳಲ್ಲಿ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ತಗಡು ಹಸಿರುಗಟ್ಟುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡುವ ಅಭ್ಯಾಸ ಹೇಗೂ ಇದ್ದೇ ಇರುತ್ತದೆ.

ಚೆಂಡಿನ ಗಾಳಿಯ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಗಾಳಿ ತುಂಬಿಸಿದ ಚೆಂಡನ್ನು ಘಟ್ಟ ಹತ್ತಿಸಿ ತಂದರೆ ಅದು ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಮೇಲೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಮಳೆಗಾಲದ ಚಳಿಗೆ ಅದೇ ಚೆಂಡು ಸ್ವಲ್ಪ ಮೆತ್ತಗಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು. ಕಲ್ಲಿನ ಹಾಗೆ ಇರುವ ಚೆಂಡು ಅಂಚಿಗೆ ತಾಗಿದ ತಕ್ಷಣ ಆಚೆ ಹಾರುತ್ತದೆ. ತುಸು ಮೆತ್ತಗಿದ್ದರೆ ಅಂಚಿನ ಮೇಲೆ ಕೂತು ಒಳಗೆ ಜಾರುತ್ತದೆ. ಪಂಪು ಮತ್ತು ಸೂಜಿ ಎರಡೂ ಡಬ್ಬದಲ್ಲಿ ಇವೆಯಾ ನೋಡಿಕೊಳ್ಳಿ.

ಅಂಗಡಿಯದ್ದು ಬೇಡ, ಮನೆಯಲ್ಲೇ ಮಾಡಿಸುತ್ತೇವೆ ಅನ್ನುವವರಿಗೂ ಕೊಡಗು ಒಳ್ಳೆಯ ಜಾಗ. ನನಗಂತೂ ಇದೇ ಹೆಚ್ಚು ಇಷ್ಟ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಹಲಗೆ ಇದ್ದೇ ಇರುತ್ತದೆ. ಹಿಂದಿನ ಹಲಗೆಗೆ ಅದು ಸಾಕು, ಎಂಡಿಎಫ್ ಹಾಗೆ ಉಬ್ಬಿ ಪುಡಿಯಾಗುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪ್‌ನ ಚೌಕಟ್ಟು ಮತ್ತು ಕಂಬಿ ಬಗ್ಗಿಸಿದ ರಿಂಗ್ ಮಾಡಿಸಿ. ಚೆಂಡು ಉರುಳಿ ಬರಲು ಕಾಫಿ ನರ್ಸರಿಯ ಶೇಡ್ ನೆಟ್ ಬಿಗಿಯಾಗಿ ಕಟ್ಟಿ. ನಾಲ್ಕು ಅಡಿಗೆ ಒಂದು ಅಡಿ ಇಳಿಜಾರು ಇದ್ದರೆ ಚೆಂಡು ನಿಲ್ಲದೆ ಬರುತ್ತದೆ. ನೆಟ್ ಜೋತು ಬೀಳದ ಹಾಗೆ ಅಡಿಯಲ್ಲಿ ಉದ್ದಕ್ಕೆ ಎರಡು ನೈಲಾನ್ ಹಗ್ಗ ಎಳೆದು ಕಟ್ಟಿ. ಗಡಿಯಾರಕ್ಕೆ ಮೊಬೈಲ್ ಇದೆ. ಅಂಕ ಎಣಿಸಲು ಮನೆಯವರೇ ಇದ್ದಾರೆ. ಅಜ್ಜಿ ಜೋರಾಗಿ ಎಣಿಸುತ್ತಾ ಕೂತರೆ ಯಂತ್ರದ ಚಪ್ಪಾಳೆಗಿಂತ ಮಕ್ಕಳಿಗೆ ಅದೇ ಹುರುಪು.

ಇದರಿಂದ ಬಾಸ್ಕೆಟ್‌ಬಾಲ್ ಬರುತ್ತದಾ ಅಂತ ಕೇಳಿದಿರಿ. ಪೂರ್ತಿ ಬರುವುದಿಲ್ಲ. ಚೆಂಡು ಹಗುರ, ರಿಂಗ್ ತಗ್ಗು, ಕಾಲಿನ ಕೆಲಸವೇ ಇಲ್ಲ. ಫ್ರೀ ಥ್ರೋ ಗೆರೆ ಇರುವುದು ಹಲಗೆಯಿಂದ ಸುಮಾರು 4.6 ಮೀಟರ್ ದೂರದಲ್ಲಿ, ಅಲ್ಲಿಂದ ಮೊಣಕಾಲು ಬಗ್ಗಿಸದೆ ಎಸೆಯಲಾಗುವುದಿಲ್ಲ. ಓಟ, ಪಾಸು, ಡ್ರಿಬಲ್ ಯಾವುದೂ ಇಲ್ಲಿ ಸಿಗುವುದಿಲ್ಲ. ಸಿಗುವುದು ಗುರಿ, ಮಣಿಕಟ್ಟಿನ ಬಿಡುಗಡೆ, ಚೆಂಡನ್ನು ಎತ್ತಿ ಹಾಕುವ ಅಭ್ಯಾಸ. ಅದು ಕಡಿಮೆಯೇನಲ್ಲ. ಹಿಂದೆ ಹೇಳಿದ ನೆಲದ ಗೆರೆಗಳು ಇಲ್ಲೂ ಉಪಯೋಗಕ್ಕೆ ಬರುತ್ತವೆ. ಕೆರ್ ಮತ್ತು ಬೂತ್ ಎಂಬ ಸಂಶೋಧಕರು 1978ರಲ್ಲಿ ಮಕ್ಕಳಿಂದ ಕಾಳು ತುಂಬಿದ ಚಿಕ್ಕ ಚೀಲಗಳನ್ನು ಗುರಿಗೆ ಎಸೆಯಿಸಿದರು. 8 ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿಯಿಂದಲೇ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಯಿಂದ ಮಾಡಿತು. ಕೊನೆಗೆ 3 ಅಡಿಯ ಪರೀಕ್ಷೆ ಇಟ್ಟಾಗ, ಆ ದೂರದಿಂದ ಒಮ್ಮೆಯೂ ಅಭ್ಯಾಸ ಮಾಡದ ಎರಡನೇ ಗುಂಪೇ ಚೆನ್ನಾಗಿ ಎಸೆಯಿತು. ದೂರ ಬದಲಿಸಿ ಎಸೆದ ಮಗು ಬಲದ ಅಂದಾಜು ಕಲಿಯುತ್ತದೆ. ನಿಮ್ಮ ಮಗಳಿಗೂ ಸರಿಯಾಗಿ ಎಂಟೇ ವರ್ಷ. ದಿನದ ಪಂದ್ಯ ಅವಳ ಗೆರೆಯಿಂದಲೇ ನಡೆಯಲಿ, ಅದಕ್ಕೆ ಮೊದಲು ಐದು ನಿಮಿಷ ಮೂರೂ ಗೆರೆಯಿಂದ ಎಸೆಯಲಿ.

ಮಗನಿಗೆ ಆಸಕ್ತಿ ಹತ್ತಿದರೆ ಹೊರಗೂ ಒಂದು ರಿಂಗ್ ಹಾಕಿಸಿ. ಸಿಮೆಂಟಿನ ಕಾಫಿ ಕಣ ಇದೆಯಲ್ಲ? ಕಾಫಿ ಒಣಗಿಸಿ ಚೀಲ ತುಂಬಿದ ಮೇಲೆ ಮಳೆ ಹಿಡಿಯುವವರೆಗೆ ಅದು ಖಾಲಿ. ಚೆಂಡು ಪುಟಿಸಲು ಅದಕ್ಕಿಂತ ಸಮ ಜಾಗ ತೋಟದಲ್ಲಿ ಸಿಗುವುದಿಲ್ಲ. ಮಗಳೂ ಆಡುವುದಾದರೆ ರಿಂಗ್ ಅನ್ನು 2.6 ಮೀಟರ್ ಎತ್ತರಕ್ಕೆ ಕಟ್ಟಿ, ಚಿಕ್ಕವರ ಮಿನಿ ಬಾಸ್ಕೆಟ್‌ಬಾಲ್‌ಗೆ ಇರುವ ಅಳತೆ ಅದು, ಚೆಂಡು 5ನೇ ಸೈಜಿನದು. ಮಗ ಬೆಳೆದಂತೆ ಅದನ್ನು 3.05 ಮೀಟರಿಗೆ ಏರಿಸಿ. ಕಣದ ಅಂಚಿಗೆ ಒಂದು ಬಲೆ ಕಟ್ಟಿ, ಇಲ್ಲದಿದ್ದರೆ ಚೆಂಡು ಕಾಫಿ ಗಿಡದೊಳಗೆ ಇಳಿದು ಹಳ್ಳದವರೆಗೂ ಹೋಗುತ್ತದೆ.

ಹಜಾರದ ವಿಷಯ ಬಾಕಿ ಇದೆ. ಇಬ್ಬರು ಆಡುವ ಯಂತ್ರಗಳು ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸು ಎತ್ತರ, ಹೆಚ್ಚುಕಡಿಮೆ ಅಷ್ಟೇ ಉದ್ದ. ಚೆಂಡು ಬಿಲ್ಲಿನಾಕಾರದಲ್ಲಿ ಏರುವುದರಿಂದ ದೊಡ್ಡವರು ಎಸೆದಾಗ ಏಳೂವರೆ ಅಡಿವರೆಗೆ ಸಲೀಸಾಗಿ ಹೋಗುತ್ತದೆ. ಹಳೆಯ ಮನೆಗಳಲ್ಲಿ ಅಟ್ಟದ ತೊಲೆ ತಗ್ಗಾಗಿರುತ್ತದೆ, ಅದರ ಕೆಳಗೆ ಇಡಬೇಡಿ. ನಿಲ್ಲುವ ಜಾಗ ಸೇರಿಸಿ ಉದ್ದಕ್ಕೆ 11-12 ಅಡಿ, ಮೇಲಕ್ಕೆ 9 ಅಡಿ ಖಾಲಿ ಇರಲಿ. ದೇವರ ದೀಪ, ಫೋಟೋ, ಗಾಜಿನ ಬೀರು ಆ ದಿಕ್ಕಿನಲ್ಲಿ ಇರಬಾರದು. ಯಂತ್ರದ ಹಿಂದಿನ ಕಾಲನ್ನು ಒಳಗೋಡೆಗೆ ಕ್ಲ್ಯಾಂಪ್ ಹಾಕಿ ಬಿಗಿಸಿ, ಯಾಕೆಂದರೆ 13 ವರ್ಷದ ಹುಡುಗ ಒಂದಲ್ಲ ಒಂದು ದಿನ ರಿಂಗ್‌ಗೆ ಜೋತು ಬೀಳುತ್ತಾನೆ. ಕೆಳಗೆ ದಪ್ಪ ಚಾಪೆ ಹಾಸಿದರೆ ಸದ್ದು ಅರ್ಧ ಇಳಿಯುತ್ತದೆ. ಮಧ್ಯಾಹ್ನ ಊಟದ ಮೇಲೆ ಅತ್ತೆಯವರು ಮಲಗುವ ಹೊತ್ತಿಗೆ ಸ್ಪೀಕರ್ ಆಫ್ ಮಾಡುವ ನಿಯಮ ಮೊದಲ ದಿನವೇ ಇರಲಿ. ಈಗ ಟೇಪ್ ತೆಗೆದು ಹಜಾರ ಅಳೆಯಿರಿ. ಅಳತೆ ಬರೆದುಕೊಂಡು ಹೋದ ಮೇಲೆಯೇ ಅಂಗಡಿಯಲ್ಲಾಗಲಿ ವೆಲ್ಡಿಂಗ್ ಶಾಪ್‌ನಲ್ಲಾಗಲಿ ಮಾತು ಶುರು ಮಾಡಿ.